ಕೋಮಲಳಿಗೆ ಹುಚ್ಚಂತೆ!

"ಅಲ್ಲೇ ನಿಲ್ರಿ! ಒಳಗ ಕಾಲಿಟ್ರ ನೋಡ್ರಿ ಮತ್ತ!"

ಹೆಣ್ಣು ನೋಡಲು ಬಂದ ಗಂಡಿಗೆ ಕೋಮಲ ಆಡಿದ ಮೊದಲ ಮಾತೇ ಇದು!

ಹೇಳಿದ ಹೊತ್ತಿಗಿಂತ ಮೊದಲೇ ಬಂದರೆ ಇನ್ನೇನಾದೀತು? ಕೊಕಟನೂರಿನ ಕುರಿದೊಡ್ಡಿಯಲ್ಲಿ, ಹೊಸ ಸೀರೆಯಲ್ಲೇ ಅವಳು ನೆಲದ ಮೇಲೆ ಕುಳಿತಿದ್ದಳು. ಮಡಿಲಲ್ಲೊಂದು ಮರಿ. ಅದರ ಮೈಮೇಲೆ ಸತ್ತ ಇನ್ನೊಂದು ಮರಿಯ ತೊಗಲು! ಎದುರಿಗಿದ್ದ ಕುರಿಗೆ ಜೋಗುಳ ಬೇರೆ ಹಾಡುತ್ತಿದ್ದಳು.

ಗಂಡಿನ ತಾಯಿ ಸಕ್ಕುಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಯವ್ವಾ! ಈಕಿಗಿ ತಲಿ ಕೆಟ್ಟೈತಿ. ನಡಿ ದುಂಡೇಶ, ನಮ್ಮೂರ ಐನಾಪುರಕ್ಕ!"

ಅಥಣಿ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವ ದುಂಡೇಶ ಕದಲಲಿಲ್ಲ. "ಅಸಹಜ ಅಂದ್ರ..." ಎಂದು ಗೊಣಗಿದ.

ಕೋಮಲಳಿಗೆ ಅದು ಕೇಳಿಸಿತು. ಫೋಟೋದಲ್ಲೇ ಮನಸ್ಸು ಕದ್ದ ಇವನೂ ಹಾಗೇ ಅಂದನಲ್ಲ! ಮಾಸ್ತರೇ ಹುಚ್ಚಿ ಅಂದಮೇಲೆ ನಾಳೆ ನಮ್ಮ ಹೊಸ್ತಿಲು ತುಳಿಯುವವರು ಯಾರು?

ಕಣ್ಣು ತುಂಬಿತು. ಆದರೆ ಅವಳು ಬಗ್ಗುವ ಹುಡುಗಿಯಲ್ಲ.

"ನೀವ ಹೇಳ್ರಿ ಸರ್... ನಾ ಹುಚ್ಚೀನ?"

"ಮೊದಲ ನೀವ ಹೇಳ್ರಿ. ಏನ ಮಾಡಾಕತ್ತೀರಿ?"

"ಈ ಕುರೀದ ಮರಿ ಸತ್ತೈತ್ರಿ. ಈ ಮರೀದ ತಾಯಿ ಸತ್ತೈತಿ. ತನ್ನ ಮರಿ ವಾಸನಿ ಬರಲಿಲ್ಲಂದ್ರ ಕುರಿ ಹಾಲ ಕೊಡಂಗಿಲ್ಲ. ಅದಕ್ಕ ತೊಗಲ ಹೊದಿಸೀನಿ. ಹೊಸಬರ ಬಂದ್ರ ಬೆದರ್ತೈತಿ. ಕುರಿ ಕಾಯೋರೆಲ್ಲಾ ಹಿಂಗ ಮಾಡ್ತಾರ್ರಿ!"

ದುಂಡೇಶ ತಾಯಿಯತ್ತ ತಿರುಗಿದ. "ಅವ್ವಾ, ನಾ ದಿನಾ ಪಾಠ ಮಾಡೂದ ಇದನ್ನ. ಮಂದಿಗಿಂತ ಬ್ಯಾರೆ ಕಂಡ್ರ ಅಷ್ಟಕ್ಕ ಅಸಹಜ ಅನ್ನಾಕ ಬರಂಗಿಲ್ಲ. ಇದರಿಂದ ಆಕಿ ಮನಸಿಗಿ ಸಂಕಟ ಐತೇನ? ದಿನದ ಬಾಳ್ವಿ ಕೆಟ್ಟೈತೇನ? ಯಾರಿಗರ ಅಪಾಯ ಐತೇನ? ಇವರ ರೂಢಿ ತಿಳೀದ ಹುಚ್ಚಂತ ಹೆಸರ ಇಟ್ರ ತಪ್ಪ ನಮ್ದ. ನಮ್ಮ ಮುತ್ಯಾನೂ ಕುರಿ ಕಾದಾವ. ದ್ರಾಕ್ಷಿ ತ್ವಾಟ ಹಚ್ಚಿದಮ್ಯಾಲ ನಾವ ಅದನ್ನ ಮರತೀವಿ."

ಅಯ್ಯೋ, ಗೊಣಗಿದ್ದು ಇದನ್ನೇ! ಬೈಗುಳವಲ್ಲ, ಪಾಠ! ಕೋಮಲಳಿಗೆ ಕುಣಿಯುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ಕುರಿ ಹತ್ತಿರ ಬಂದು ಮಡಿಲಲ್ಲಿದ್ದ ಮರಿಯನ್ನು ಮೂಸಿತು. ಮತ್ತೆ ಮೂಸಿತು... ಕೋಮಲ ಮರಿಯನ್ನು ಕೆಚ್ಚಲಿಗೆ ಬಿಟ್ಟಳು; ಕುರಿ ಸುಮ್ಮನೆ ನಿಂತು ಹಾಲು ಕೊಟ್ಟಿತು!

"ಕುಡೀತು! ಕುಡೀತು!" ಕೂಗಿದ್ದು ಸಕ್ಕುಬಾಯಿ. ಮೂಗಿನ ಸೆರಗು ಈಗ ಕಣ್ಣಿಗೆ ಹೋಗಿತ್ತು. "ತಿಳೀದ ಅಂದ್ನಿ ಮಗಳ. ಈಕಿನ ನಮ್ಮ ಸೊಸಿ!"

"ನಾನೂ ಒಪ್ಪಬೇಕಲ್ರಿ!" ಗಲ್ಲ ಕೆಂಪಾದರೂ ಕೋಮಲ ಗತ್ತು ಬಿಡಲಿಲ್ಲ. "ಕುರಿ ಬಿಟ್ಟ ಬರಾಕಿ ಅಲ್ಲ ನಾ."

"ಬಿಟ್ಟ ಬಾ ಅಂದಾವ್ರ ಯಾರ? ಹೊಡಕೊಂಡ ಬರ್ರಿ," ದುಂಡೇಶ ನಕ್ಕ. "ನಮ್ಮ ದ್ರಾಕ್ಷಿಗಿ ಗೊಬ್ಬರ ಬೇಕ."

"ಓಹೋ... ಗೊಬ್ಬರಕ್ಕ ಅಷ್ಟ?"

"ಗೊಬ್ಬರ ದ್ರಾಕ್ಷಿಗಿ..." ಅವನ ದನಿ ಮೆತ್ತಗಾಯಿತು. "ನನಗ ನೀವು ಬೇಕು."

ಕೋಮಲ ತಲೆಯೆತ್ತಿ ಅವನನ್ನು ಕಣ್ತುಂಬ ನೋಡಿದಳು.

"ನನಗೂ..." ಎಂದಳು.