ಕೆಂಡ ಥ್ಯಾಂಕ್ಯೂ ಅಂದ

“ಈ ವೇಷದಲ್ಲಿ ಬೀದಿಗೆ ಇಳಿದೆಯೋ, ನಾನು ನಿನ್ನ ಮಗಳೇ ಅಲ್ಲ!” ಮೆಣಸಿ ಬಾಗಿಲಿಗೆ ಅಡ್ಡ ನಿಂತು ಕೂಗಿದಳು.

“ಬೇಡ ಬಿಡು. ಆಸ್ಪತ್ರೆಯಲ್ಲೇ ಅದಲುಬದಲಾಗಿರಬೇಕು,” ಅಂದಳು ಅಮ್ಮ, ಕನ್ನಡಿಯಿಂದ ಕಣ್ಣು ತೆಗೆಯದೆ.

ಅಮ್ಮ ಸೋಪಿನ ನೊರೆ ಹಚ್ಚಿ ಕೂದಲನ್ನು ಹುಂಜದ ಜುಟ್ಟಿನಂತೆ ನಿಲ್ಲಿಸಿದ್ದಳು. ಮೈಮೇಲೆ ಕಾಲೇಜು ಕಾಲದ ಕರೀ ಚರ್ಮದ ಜಾಕೆಟ್ಟು. ಅದಕ್ಕೆ ಸಾಲಾಗಿ ಸೇಫ್ಟಿ ಪಿನ್ನು. ಆಗ ಪಿನ್ನು ಸ್ಟೈಲಿಗೆ ಇದ್ದವು. ಈಗ ಜಾಕೆಟ್ಟಿನ ಎರಡು ಅಂಚು ಒಂದಾಗಲು ಅವೇ ಗತಿ.

“ನನ್ನ ಕ್ಲಾಸಿನವರು ನೋಡಿದ್ರೆ?”

“ಕಣ್ಣಿದ್ದೋರು ನೋಡ್ತಾರೆ. ನಡಿ, ಬಸ್ ಹೋಗುತ್ತೆ.”

ಅಪ್ಪನಿಗೆ ಡ್ಯೂಟಿ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಅಮ್ಮನ ಜೊತೆ ಹಾಡಿನ ಪ್ರೋಗ್ರಾಮಿಗೆ ಮೆಣಸಿ ಹೋಗಲೇಬೇಕಾಯಿತು. ಬಸ್ಸಿನಲ್ಲಿ ಅವಳು ಅಮ್ಮನಿಂದ ಎರಡು ಸೀಟು ಹಿಂದೆ ಕೂತಳು.

ಅಮ್ಮ ಅಲ್ಲಿಂದಲೇ ತಿರುಗಿ ಕೂಗಿ ಹೇಳಿದಳು. ಬ್ಯಾಂಡಿನ ಹೆಸರು ತುಕ್ಕು ಮೊಳೆ. ಪಂಕ್ ಬ್ಯಾಂಡು. ಅಂದರೆ ಗಿಟಾರು ಮುರಿಯುವ ಹಾಗೆ ಬಾರಿಸಿ, ಗಂಟಲು ಹರಿಯುವ ಹಾಗೆ ಕಿರುಚುವವರು. ಹಾಡುಗಾರನ ಹೆಸರು ಕೆಂಡ.

“ಅವರಿಗೆ ಚಪ್ಪಾಳೆ ತಟ್ಟಬಾರ್ದು ಕಣೇ, ಅವಮಾನ. ಬೈಬೇಕು! ಬೈದಷ್ಟೂ ಚೆನ್ನಾಗಿ ಹಾಡ್ತಾರೆ. ಕೊನೆಗೆ ಕೆಂಡ ಸಿಟ್ಟು ಮಾಡ್ಕೊಂಡು ಎದ್ದು ಹೋಗ್ತಾನೆ, ತಿರುಗಿ ಬರಲ್ಲ. ಹಂಗಾದ್ರೆ ಪ್ರೋಗ್ರಾಂ ಸಕ್ಸಸ್ಸು.”

“ಹುಚ್ಚರ ಸಂತೆ,” ಅಂದಳು ಮೆಣಸಿ.

ಅಮ್ಮನ ದನಿ ಇಳಿಯಿತು. “ನಾನು ನೋಡಿದ ದಿನ ಕೊನೇ ಹಾಡಿನ ಮಧ್ಯೆ ಕರೆಂಟ್ ಹೋಯ್ತು. ಆಮೇಲೆ ಬ್ಯಾಂಡೇ ಒಡೆದುಹೋಯ್ತು. ಇಪ್ಪತ್ತೈದು ವರ್ಷ ಆಯ್ತು, ಇವತ್ತೇ ಮತ್ತೆ ಒಟ್ಟಿಗೆ ಸೇರಿ ಹಾಡ್ತಿರೋದು. ಆ ಹಾಡಿನ ಉಳಿದರ್ಧ ನಾನಿನ್ನೂ ಕೇಳಿಲ್ಲ.”

ಪ್ರೋಗ್ರಾಂ ಹಾಲಿನ ತುಂಬ ಅಮ್ಮನಂಥವರೇ. ಒಬ್ಬ ಬೊಕ್ಕತಲೆಯವನು ತಲೆಯ ಮೇಲೆ ಜುಟ್ಟಿನ ಚಿತ್ರ ಬರೆಸಿಕೊಂಡಿದ್ದ. ಇನ್ನೊಬ್ಬ ಕೂರುವ ಮೊದಲು ಕರ್ಚೀಫಿನಿಂದ ಕುರ್ಚಿ ಒರೆಸಿದ.

ಡ್ರಮ್ಮಿನವನು ಮಂಡಿಗೆ ಪಟ್ಟಿ ಕಟ್ಟಿಕೊಂಡು ಬಂದ. ಕೆಂಡ ಬಿಸಿನೀರಿನ ಫ್ಲಾಸ್ಕು ಹಿಡಿದು ಬಂದ. ಒಂದು ಹಾಡು ಮುಗಿಯಿತು. ಎಲ್ಲರೂ ಮೆಲ್ಲಗೆ ಚಪ್ಪಾಳೆ ತಟ್ಟಿದರು!

ಕೆಂಡನ ಮುಖ ಬಾಡಿತು. “ಥ್ಯಾಂಕ್ಯೂ,” ಅಂದ.

“ಅಯ್ಯೋ, ಥ್ಯಾಂಕ್ಯೂ ಅಂದ!” ಅಮ್ಮ ಬೆಚ್ಚಿಬಿದ್ದಳು. ಬೈಯಲು ಎದ್ದು ನಿಂತಳು. ಉಸಿರು ಎಳೆದಳು. ಆದರೆ ಅಮ್ಮ ಹಲ್ಲಿನ ಡಾಕ್ಟರ ಹತ್ತಿರ ನರ್ಸು. ಬಾಯಿಂದ ಬಂದದ್ದು ದಿನವೂ ಹೇಳುವ ಮಾತೇ.

“ಸಾರ್, ಸ್ವಲ್ಪ ಬಾಯಿ ದೊಡ್ಡದಾಗಿ ತೆಗೀತೀರಾ?”

“ಆಗಲಿ ಮೇಡಂ,” ಅಂದ ಕೆಂಡ.

ಅಮ್ಮ ಕುಸಿದು ಕೂತಳು. “ಬೈಯೋದೇ ಮರೆತುಹೋಗಿದೆ ಕಣೇ.”

ಹಾಡಿನಿಂದ ಹಾಡಿಗೆ ಚಪ್ಪಾಳೆ ಇನ್ನೂ ಮೆತ್ತಗಾಯಿತು. ಕೊನೆಗೆ ಕೆಂಡ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಹೇಳಿದ, “ಗಂಟಲು ಸರಿಯಿಲ್ಲ. ಕೊನೇ ಹಾಡು ಬಿಟ್ಟುಬಿಡೋಣ. ಎಲ್ಲರಿಗೂ ಥ್ಯಾಂಕ್ಯೂ.”

ಅಮ್ಮ ಜಾಕೆಟ್ಟಿನ ಪಿನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಜುಟ್ಟು ಒಂದು ಕಡೆಗೆ ವಾಲಿತ್ತು.

ಮೆಣಸಿಗೆ ಸಿಟ್ಟು ನೆತ್ತಿಗೇರಿತು. ಕುರ್ಚಿ ಹತ್ತಿ ನಿಂತಳು.

“ಏಯ್! ನೀನೆಂಥಾ ಕೆಂಡ? ಬರೀ ಬೂದಿ! ನೀನು ಥ್ಯಾಂಕ್ಯೂ ಹೇಳೋದು ಕೇಳಕ್ಕಾ ಇಪ್ಪತ್ತೈದು ವರ್ಷ ಕಾದಿದ್ದು?”

ಎಲ್ಲರೂ ತಿರುಗಿ ನೋಡಿದರು.

“ಯಾರೇ ನೀನು?” ಕೆಂಡ ಗುರ್ರೆಂದ.

“ಇವಳ ಮಗಳು!” ಮೆಣಸಿ ಆ ವಾಲಿದ ಜುಟ್ಟಿನ ಕಡೆ ಬೆರಳು ತೋರಿಸಿದಳು. “ಹಾಡೋ, ಬಿಸಿನೀರು!”

ಕೆಂಡನ ಕಣ್ಣು ಕೆಂಪಾಯಿತು. ಒದ್ದ ಏಟಿಗೆ ಫ್ಲಾಸ್ಕು ಉರುಳಿತು. ಬೊಕ್ಕತಲೆಯವನು ಎದ್ದು “ತುಕ್ಕು ಡಬ್ಬಾ!” ಅಂದ. ಕರ್ಚೀಫಿನವನು “ಕತ್ತೆ!” ಅಂದ. ಆಮೇಲೆ ಹಾಲಿಗೆ ಹಾಲೇ ಬೈಯತೊಡಗಿತು. ಬಾರಿಸಿದ ರಭಸಕ್ಕೆ ಡ್ರಮ್ಮಿನವನ ಮಂಡಿಪಟ್ಟಿ ಹಾರಿಹೋಯಿತು.

“ಆಗಲ್ಲ! ಆಗಲ್ಲ! ಆಗಲ್ಲ!” ಕೆಂಡ ಕಿರುಚಿದ. ಅದೇ ಆ ಹಾಡು. ಅರ್ಧ ಮುಗಿಯಿತು. ಅಮ್ಮ ಮೆಣಸಿಯ ಕೈ ಹಿಂಡಿದಳು. ಕರೆಂಟ್ ಹೋಗಲಿಲ್ಲ.

“ಆಗಲ್ಲ! ಆಗಲ್ಲ! ಆಗಲ್ಲ!”

“ಉಳಿದರ್ಧನೂ ಅದೇನಾ?” ಮೆಣಸಿ ಕೇಳಿದಳು.

“ಅದೇ ಕಣೇ!” ಅಮ್ಮನ ಕೆನ್ನೆಯೆಲ್ಲ ಒದ್ದೆ. “ಅದೇ!”

ಕೆಂಡ ಮೈಕು ಎಸೆದ. “ಹಾಳಾಗಿ ಹೋಗಿ!” ಅಂದು ಪಕ್ಕದ ಬಾಗಿಲಿನಿಂದ ಧಡಧಡ ಹೊರಟುಹೋದ. ತಿರುಗಿ ಬರಲಿಲ್ಲ.

ಮೆಣಸಿಯ ಎರಡು ಕೈ ಚಪ್ಪಾಳೆಗೆ ತಾವಾಗಿ ಮೇಲೆದ್ದವು. ಅವಳು ಅಮ್ಮನ ಕಡೆ ನೋಡಿ, ಅವನ್ನು ಮೆಲ್ಲಗೆ ತೊಡೆಯ ಕೆಳಗೆ ಸೇರಿಸಿ ಕೂತಳು.