ಕಪ್ಪು ಕಾಗದದೊಳಗಿನ ಹಸಿರು

"ಏನೂ ಇಲ್ಲ ಚಾಚಾ. ಒಂದು ಚುಕ್ಕೀನೂ ಹೊಳೀತಿಲ್ಲ!"

ಸಂಶೋಧನಾ ವಿದ್ಯಾರ್ಥಿನಿ ಸಾಬ್ರೀನ್ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದಳು. ಶಿಡ್ಲಘಟ್ಟದ ಆ ಪುಟ್ಟ ಸಂಶೋಧನಾಲಯದ ಸ್ಟೋರ್ ನೋಡಿಕೊಳ್ಳುವ ಸಾದಿಕ್ ಪಾಷಾ ಉಸ್ಸೆಂದು ಕುಳಿತರು. ನಿವೃತ್ತಿಗೆ ಮೂರೇ ತಿಂಗಳು. ಮೊಣಕಾಲು ನೋವು ಸಾಲದೆಂದು ಇದೊಂದು ಬೇರೆ.

ಗಾಜಿನ ಪಟ್ಟಿಗಳಿಗೆ ಅಂಟಿಸಿದ, ರೋಗ ಬರಿಸಿದ ರೇಷ್ಮೆಹುಳುಗಳ ಮಿದುಳಿನ ತೆಳು ಚೂರುಗಳವು. ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆಗೂ ಮೈಟೊಕಾಂಡ್ರಿಯಾದ ಪಿಂಕ್-ಒನ್ ಎಂಬ ಪ್ರೋಟೀನಿಗೂ ನಂಟಿದೆ. ಅದನ್ನು ಹುಡುಕಿ ಹಿಡಿಯುವ ಪ್ರತಿಕಾಯಕ್ಕೆ ಹಸಿರು ಬಣ್ಣ ಅಂಟಿಸಿರುತ್ತಾರೆ. ಪ್ರೋಟೀನು ಇದ್ದಲ್ಲೆಲ್ಲ ಹಸಿರು ಹೊಳೆಯಬೇಕು. ಬಿಸಿಲು ಬಿದ್ದರೆ ಮಾತ್ರ ಆ ಬಣ್ಣ ಸತ್ತಂತೆಯೇ.

"ನಿನ್ನೆ ಸಂಜೆ ಹೊಳೀತಿತ್ತಾ?"

"ಚೆನ್ನಾಗಿ! ಶೀಶೇಲಿದ್ದ ಬಣ್ಣದ ಕೊನೇ ಹನಿ ಹಾಕಿದ್ದೆ. ಗಾಜುಗಳು ಒಣಗ್ಲಿ ಅಂತ ಕಪ್ಪು ಕಾಗದ ಸುತ್ತಿ ಹುಳದ ಕೋಣೇಲಿ ಮೊಟ್ಟೆಗಳ ಪಕ್ಕ ಇಟ್ಟೆ."

"ಇವತ್ತು?"

"ಸುತ್ತಿದ್ದಂಗೇ ಇತ್ತು."

ಪ್ರೊಫೆಸರ್ ರಮೇಶ್‌ಬಾಬು ಆಗಲೇ ತೀರ್ಪು ಕೊಟ್ಟಿದ್ದರು: ಸಾಬ್ರೀನಳ ಅಜಾಗರೂಕತೆ. ಅವಳನ್ನು ಪ್ರಾಜೆಕ್ಟಿನಿಂದ ತೆಗೆಯುವ ಪತ್ರ ಸಿದ್ಧವಾಗಿತ್ತು. ನಾಲ್ಕು ಗಂಟೆಗೆ ಸಹಿ. ಮೂರು ವರ್ಷದ ದುಡಿಮೆ ನೀರುಪಾಲು.

ಹುಳ ಸಾಕುವ ಲಕ್ಷ್ಮಿದೇವಮ್ಮನನ್ನು ಕರೆದರು.

"ಬೆಳಿಗ್ಗೆ ಕೋಣೆ ತೆಗೆದಿದ್ದು ನೀನೇನಮ್ಮ?"

"ಇಲ್ಲ ಪಾಷಣ್ಣ, ಬಸ್ ಸಿಗ್ಲಿಲ್ಲ. ನಾನ್ ಬಂದಾಗ ಒಂಬತ್ತು. ಬಾಗ್ಲು ತೆಗೆದೇ ಇತ್ತು. ಮೊಟ್ಟೆ ಎಲ್ಲ ಒಡೆದು ಹುಳ ಹರಿದಾಡ್ತಿದ್ವು."

"ಇನ್ನೊಂದು ಬೀಗದ ಕೈ—?"

"ಸಾರ್ ಹತ್ರ."

ಪಾಷಾ ಗಾಜುಗಳಿಗೆ ಸುತ್ತಿದ್ದ ಕಪ್ಪು ಕಾಗದವನ್ನು ಬಿಡಿಸಿ, ಕನ್ನಡಕ ಏರಿಸಿ, ಮಡಿಕೆ ಮಡಿಕೆ ನೋಡಿದರು. ಆಮೇಲೆ ಕಾಲೆಳೆದುಕೊಂಡು ಪ್ರೊಫೆಸರರ ಕೋಣೆಗೆ ನಡೆದರು. ಸಾಬ್ರೀನ್ ಹಿಂದೆಯೇ ಹೋದಳು.

"ಸಾರ್, ಈ ಮಡಿಕೇಲಿ ಏನಿದೆ ನೋಡಿ."

ಕೂದಲೆಳೆಯಷ್ಟು ಸಣ್ಣ ಹುಳ. ಆಗಷ್ಟೇ ಮೊಟ್ಟೆಯಿಂದ ಬಂದ ಹುಳದಂತೆ ಕಪ್ಪಗಿತ್ತು, ಸತ್ತಿತ್ತು.

"ಹುಳದ ಕೋಣೇಲಿ ಹುಳ ಇರದೆ ಇನ್ನೇನಿರುತ್ತೆ?" ರಮೇಶ್‌ಬಾಬು ಸಿಡುಕಿದರು.

"ನಿನ್ನೆ ಸಂಜೆ ಅವು ಇನ್ನೂ ಮೊಟ್ಟೆ ಸಾರ್. ಕಪ್ಪು ಕಾಗದದೊಳಗೆ ಕತ್ತಲಲ್ಲಿದ್ವು. ಒಟ್ಟಿಗೇ ಒಡೀಲಿ ಅಂತ ಬೆಳಗಾಗ್ತಿದ್ದಂಗೆ ಬಿಚ್ಚಿ ಬೆಳಕು ಬಿಡೋದು ನಮ್ಮ ಕಡೆ ಪದ್ಧತಿ. ಗಾಜಿಗೆ ಸುತ್ತಿದ್ದ ಕಾಗದದೊಳಗೆ ಹುಳ ಹೆಂಗೆ ಬಂತು? ಮೊಟ್ಟೆ ಒಡೆಯೋ ಹೊತ್ತಲ್ಲಿ ಅದೂ ಪಕ್ಕದಲ್ಲೇ ಬಿಚ್ಕೊಂಡಿತ್ತು. ಆಮೇಲೆ ಯಾರೋ ಸುತ್ತಿದ್ದಾರೆ."

ಪ್ರೊಫೆಸರ್ ಆ ಕಾಗದವನ್ನು ಪಕ್ಕಕ್ಕೆ ಸರಿಸಿದರು.

"ಲಕ್ಷ್ಮಿದೇವಮ್ಮ ಬರಲಿಲ್ಲ ಅಂತ ನೀವೇ ಬಾಗ್ಲು ತೆಗೆದು ಮಬ್ಬಲ್ಲಿ ಕೈಗೆ ಸಿಕ್ಕ ಕಪ್ಪು ಕಾಗದಾನೆಲ್ಲ ಬಿಚ್ಚಿದ್ರಿ. ಕಿಟಕಿ ತೆಗೆದು ಕಾಫಿಗೆ ಹೋದ್ರಿ. ಮೇಲೂರಿನ ನಿಮ್ಮ ಮನೇಲಿ ಚಿಕ್ಕಂದಿನಿಂದ ಹುಳ ಸಾಕಿ ಪಳಗಿದ ಕೈ. ತಿರುಗಿ ಬಂದಾಗ ಬಿಸಿಲಲ್ಲಿ ಗಾಜು ಕಾಣಿಸ್ತು— ಅಲ್ವಾ ಸಾರ್?"

"ಕಂಡೆ." ರಮೇಶ್‌ಬಾಬು ಮುಖ ಒರೆಸಿಕೊಂಡರು. "ಪ್ರಾಜೆಕ್ಟ್ ಕೊಟ್ಟೋರಿಗೆ ಏನಂತ ಹೇಳ್ಲಿ ಪಾಷಾ? ನನ್ನ ತಲೆ ಮೇಲೇ ಬರ್ತಿತ್ತು."

"ಅದಕ್ಕೆ ಈ ಮಗೂ ತಲೆ ಮೇಲೆ ಹಾಕಿದ್ರಾ? ಬಿಚ್ಚಿದ್ದು ಅಭ್ಯಾಸದ ಕೈ ಸಾರ್. ಅದಕ್ಕೆ ನಾನೇನೂ ಅನ್ನಲ್ಲ. ಮತ್ತೆ ಸುತ್ತಿಟ್ಟಿದ್ದು ಅಭ್ಯಾಸ ಅಲ್ಲ."

ಪ್ರೊಫೆಸರ್ ಪತ್ರವನ್ನು ಎರಡಾಗಿ ಹರಿದರು. ಸತ್ತ ಹಸಿರು ಅದರಿಂದೇನೂ ಮರಳುವಂತಿರಲಿಲ್ಲ.

"ಇವತ್ತು ಮೊಟ್ಟೆಯಿಂದ ಬಂದ ಹುಳಾನ ನಂಗೆ ಕೊಡಿ ಸಾರ್," ಎಂದಳು ಸಾಬ್ರೀನ್. "ಮೊದಲಿಂದ ಶುರು ಮಾಡ್ತೀನಿ."

ಪಾಷಾ ಜೇಬಿನಿಂದ ಒಂದು ಫಾರಂ ತೆಗೆದು ಮೇಜಿನ ಮೇಲಿಟ್ಟರು.

"ಹೊಸ ಶೀಶೆ ತರಿಸೋಕೆ. 'ಹಾಳಾದ ಕಾರಣ' ಅಂತ ಒಂದು ಸಾಲಿದೆ. ನಿಮ್ಮ ಕೈಯಲ್ಲೇ ಬರೀರಿ ಸಾರ್, ನಾನು ಕಾಯ್ತೀನಿ."

ಅವರು ಕುರ್ಚಿ ಎಳೆದುಕೊಂಡು ಕುಳಿತರು. ರಮೇಶ್‌ಬಾಬು ಪೆನ್ನಿನ ಮುಚ್ಚಳ ತೆಗೆದರು. ಆ ಸಾಲಿನಲ್ಲಿ ತಮ್ಮ ಹೆಸರು ಬರೆದರು.