ದೊಡ್ಡ ಬ್ಯಾಟರಿ, ಅಂಗೈಯಗಲದ ಜೇಬು

"ಅದು ಬೇಡ ಮೇಡಂ, ನಿಮ್ಮ ಜೇಬಿಗೆ ಹಿಡಿಯಲ್ಲ!"

ಮೊಬೈಲ್ ಅಂಗಡಿಯಲ್ಲಿ ದೊಡ್ಡ ಫೋನೊಂದನ್ನು ಕೈಗೆತ್ತಿಕೊಂಡಿದ್ದ ಅವಳು, ಪಕ್ಕ ನಿಂತಿದ್ದ ಅಪರಿಚಿತನ ಮಾತಿಗೆ ಕಿಡಿಕಿಡಿಯಾದಳು.

"ನನ್ನ ಜೇಬಿನ ಅಳತೆ ನಿಮಗೆ ಹೇಗ್ರೀ ಗೊತ್ತು?"

"ನೀವು ಹಾಕಿರೋ ಯೂನಿಫಾರ್ಮ್ ಹೊಲಿದದ್ದು ನಾನೇ..."

ಓಹೋ! ಈ ಪುಟಾಣಿ ಜೇಬು ಹೊಲಿದ ಮಹಾಶಯ ಇವನೇನಾ!

ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಅವಳನ್ನು ಬೀದಿಯವರೆಲ್ಲ 'ಮೀಟರಮ್ಮ' ಎನ್ನುತ್ತಿದ್ದರು. ಪ್ರತಿ ಮೀಟರಿನ ಫೋಟೊ ತೆಗೆದು ಕಳಿಸಬೇಕು. ಅವಳ ಪುಟ್ಟ ಫೋನೋ ಮಧ್ಯಾಹ್ನಕ್ಕೇ ಉಸಿರು ಬಿಡುತ್ತಿತ್ತು. ಇನ್ನೊಮ್ಮೆ ಆರಿದರೆ ಕೆಲಸವಿಲ್ಲ ಎಂದಿದ್ದ ಸೂಪರ್‌ವೈಸರ್.

ಸಂಜೆವರೆಗೆ ಬರುವ ಬ್ಯಾಟರಿ ಬೇಕೆಂದರೆ ಫೋನ್ ಇಟ್ಟಿಗೆಯಂತಿರುತ್ತದೆ. ಗಂಡಸರ ಜೇಬಿಗೆ ಅದು ಸಲೀಸಾಗಿ ಇಳಿಯುತ್ತದೆ. ಹೆಂಗಸರಿಗೆ ಮಾತ್ರ ಅಂಗೈಯಗಲದ ಜೇಬು! ಒಂದು ಕೈ ಮೀಟರ್ ಗುಂಡಿಯ ಮುಚ್ಚಳಕ್ಕೆ, ಇನ್ನೊಂದು ಟಾರ್ಚಿಗೆ... ಫೋನನ್ನೇನು ಬಾಯಲ್ಲಿ ಕಚ್ಚಿಕೊಳ್ಳಬೇಕೆ?

"ಕೆಲಸ ಒಂದೇ, ಬಿಸಿಲು ಒಂದೇ. ನಮ್ಮ ಜೇಬಿಗೇ ಯಾಕ್ರೀ ಕತ್ತರಿ?"

"ಆಫೀಸಿನವರು ಕೊಟ್ಟ ಅಳತೆ. ಹೆಂಗಸರು ನೀಟಾಗಿ ಕಾಣಬೇಕಂತೆ..."

"ನಾವೇನು ಅಂಗಡಿ ಗೊಂಬೆಗಳಾ?"

ಹಟಕ್ಕೆ ದೊಡ್ಡ ಫೋನನ್ನೇ ಕೊಂಡು ಹೊರಟಳು. ಮರುದಿನವೇ ಅದು ಕೈಜಾರಿ, ಮೀಟರ್ ಗುಂಡಿಯ ನೀರಿಗೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು.

ಆ ಸಂಜೆ ಆಫೀಸಿನ ಗೇಟಿನಲ್ಲಿ ಟೈಲರ್ ಕಾಯುತ್ತಿದ್ದ. ಕೈಯಲ್ಲಿ ಆಳವಾದ ಜೇಬಿನ ಹೊಸ ಅಂಗಿ.

"ನಿಮಗೆ ಮಾತ್ರ... ಗುಟ್ಟಾಗಿ ಹೊಲಿದೆ."

ಅವಳ ಎದೆ ಕರಗಿತು. ಮರುಕ್ಷಣವೇ ಕುದಿಯಿತು!

"ಜೊತೆಯ ಅಕ್ಕಂದಿರಿಗೆ ಫೋನಿಲ್ವಾ? ಒಬ್ಬಳಿಗೆ ಗುಟ್ಟಾಗಿ ಕೊಟ್ರೆ ಅದು ಪ್ರೀತಿಯಲ್ಲ, ಬಾಯಿ ಮುಚ್ಚಿಸೋ ಲಂಚ!"

ಅವನು ತಲೆತಗ್ಗಿಸಿ ಹೊರಟುಹೋದ. 'ಪುಕ್ಕಲ!' ಎಂದುಕೊಂಡಳು. ಆದರೆ ಕಣ್ಣೇಕೆ ತುಂಬಿತು?

ಆಫೀಸಿನಲ್ಲಿ ಎಲ್ಲರ ಹೊಸ ಯೂನಿಫಾರ್ಮ್ ಅಂಗಿಗಳ ಗಂಟು ಬಿಚ್ಚಿದ ದಿನ ಹೆಂಗಸರೆಲ್ಲ ಹೋ ಎಂದರು. ಪ್ರತಿ ಅಂಗಿಗೂ ಆಳವಾದ ಜೇಬು!

"ಯಾರನ್ನ ಕೇಳಿ ಮಾಡ್ದೆ? ಎಲ್ಲಾ ಜೇಬಿನ ಹೊಲಿಗೇನೂ ಬಿಚ್ಚು!" ಸೂಪರ್‌ವೈಸರ್ ಅಬ್ಬರಿಸಿದ.

"ಬಿಚ್ಚಲ್ಲ ಸರ್," ಗಂಟು ಹೊತ್ತು ತಂದಿದ್ದ ಟೈಲರ್ ಅಡ್ಡ ನಿಂತ. "ಗುತ್ತಿಗೆ ಬೇಕಾದ್ರೆ ಬೇರೆಯವರಿಗೆ ಕೊಡಿ."

ಅಷ್ಟರಲ್ಲಿ ಮೀಟರಮ್ಮನೇ ಮುಂದಾಗಿ, ಹೆಂಗಸರು ಹೊಸ ಅಂಗಿ ತೊಟ್ಟು ಬೀದಿಗಿಳಿದಾಗಿತ್ತು!

ಸಂಜೆ ಕೊನೆಯ ಫೋಟೊ ಕಳಿಸಿದಾಗಲೂ ಫೋನಿಗೆ ಜೀವವಿತ್ತು. ಅವಳನ್ನು ತೆಗೆಯಲು ಸೂಪರ್‌ವೈಸರನಿಗೆ ನೆಪವೇ ಸಿಗಲಿಲ್ಲ. ಅವಳು ನೇರ ಟೈಲರನ ಅಂಗಡಿಗೆ ನಡೆದಳು.

"ಗುತ್ತಿಗೆ ಹೋಯ್ತಲ್ರೀ..."

"ಮೆಷಿನ್ ಇದೆಯಲ್ಲ. ಇನ್ನೂ ಕೋಪಾನಾ ಮೇಡಂ?"

"ನನ್ನ ಕೋಪ ಹೋಗೋದಲ್ಲ. ಅದರ ಜೊತೆ ಬಾಳೋಕಾಗುತ್ತಾ?"

"ಅದನ್ನ ನೋಡಿಯೇ ಮನಸ್ಸು ಕೊಟ್ಟಿದ್ದು..."

"ಹಾಗಾದ್ರೆ ಮೊದಲು ಈ ಮೇಡಂ ಅನ್ನೋದು ಬಿಡು!"

"ಬಿಟ್ಟೆ... ಕಣೇ."